ಅಬ್ಬಿ ನೀರು, ಹಿನ್ನೀರು ಮತ್ತು ಕಾಂಟ್ಯಾಕ್ಟ್ ಲೆನ್ಸ್

ಹೊನ್ನೇಮರಡುವಿನ ಶರಾವತಿ ಹಿನ್ನೀರಾಗಲಿ, ಮನೆ ಹಿಂದಿನ ಅಬ್ಬಿ ನೀರಾಗಲಿ, ಕಣ್ಣಲ್ಲಿ ಲೆನ್ಸ್ ಇದ್ದಾಗ ನಾನು ಮುಖಕ್ಕೆ ಎರಚಿಕೊಳ್ಳುವುದಿಲ್ಲ. ಗುಡ್ಡದ ನೀರು, ತಿಳಿಯಾಗಿದೆ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಅಕಾಂತಮೀಬಾ ಎಂಬ ಏಕಕೋಶ ಜೀವಿ ಮಣ್ಣು, ಹೊಳೆ, ಬಾವಿ, ನಲ್ಲಿ ಎಲ್ಲೆಡೆ ಇರುತ್ತದೆ. ಕವಚ ಕಟ್ಟಿಕೊಂಡರೆ ಈಜುಕೊಳದ ಕ್ಲೋರಿನ್‌ಗೂ ಜಗ್ಗುವುದಿಲ್ಲ. ಲೆನ್ಸ್ ಅದನ್ನು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೇ ಹಿಡಿದಿಡುತ್ತದೆ, ಸೋಂಕಿಗೆ ಅದೇ ದಾರಿ.

ಈಜುವ ದಿನ ನನ್ನದು ಪವರ್ ಇರುವ ಗಾಗಲ್ಸ್. ಸಿದ್ಧವಾಗಿ ಸಿಗುವವು ಸಾಮಾನ್ಯವಾಗಿ ಅರ್ಧರ್ಧ ಪಾಯಿಂಟ್ ಅಂತರದವು, ಸಿಲಿಂಡರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಸಮ ಇಲ್ಲದವರಿಗೆ ಬೇಕಾಗುವ ಪವರ್) ಇರುವುದಿಲ್ಲ. ಸಿಲಿಂಡರ್‌ನ ಅರ್ಧವನ್ನು ಮುಖ್ಯ ಪವರ್ ಆದ ಸ್ಫಿಯರ್‌ಗೆ ಕೂಡಿಸಿ ಆರಿಸುತ್ತೇನೆ: −3.00 ಜೊತೆ −1.00 ಇದ್ದರೆ −3.50. ದಡ, ಬಂಡೆ, ಜೊತೆಗಾರರು ಕಂಡರೆ ಸಾಕಲ್ಲ!

ಲೆನ್ಸ್ ಇದ್ದಾಗಲೇ ನೀರು ಹೊಕ್ಕರೆ ತಕ್ಷಣ ಕೀಳಬಾರದು. ಹೊಳೆ ನೀರಿನಲ್ಲಿ ಕಣ್ಣೀರಿನಷ್ಟು ಉಪ್ಪಿರುವುದಿಲ್ಲ. ಮೃದು ಲೆನ್ಸ್ ಅದನ್ನು ಹೀರಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಎಳೆದರೆ ಕಾರ್ನಿಯಾದ ಮೇಲ್ಪದರ ತರಚುತ್ತದೆ. ಲೆನ್ಸ್‌ಗೆಂದೇ ಇರುವ ಡ್ರಾಪ್ಸ್ ಎರಡು ಹನಿ ಬಿಟ್ಟು ಕಣ್ಣು ಮಿಟುಕಿಸಿ, ಹದಿನೈದಿಪ್ಪತ್ತು ನಿಮಿಷ ಕಾಯುತ್ತೇನೆ. ಕನ್ನಡಿ ಮುಂದೆ ಮೇಲೆ ನೋಡುತ್ತಾ ಬೆರಳ ತುದಿಯಿಂದ ಅಂಚು ತಳ್ಳಿದಾಗ ಲೆನ್ಸ್ ಬಿಳಿಗುಡ್ಡೆಯತ್ತ ಜಾರಬೇಕು. ಜಾರದಿದ್ದರೆ ಮತ್ತೆ ಹನಿ, ಮತ್ತೆ ಕಾಯುವುದು. ತೆಗೆದದ್ದನ್ನು ಎಸೆಯುತ್ತೇನೆ, ಹೊಸ ಮಂತ್ಲಿ (ತಿಂಗಳಿಡೀ ಬಳಸುವ ಲೆನ್ಸ್) ಆದರೂ ಸರಿ. ಲೆನ್ಸ್ ತೊಳೆದಿಡುವ ಸಾಮಾನ್ಯ ಸೊಲ್ಯೂಷನ್ ಕವಚ ಕಟ್ಟಿಕೊಂಡ ಅಕಾಂತಮೀಬಾವನ್ನು ಕೊಲ್ಲುತ್ತದೆಂಬ ಭರವಸೆ ಇಲ್ಲ. ಆಮೇಲೆ ದಿನವಿಡೀ ಕನ್ನಡಕ.

ಮಳೆಗಾಲದ ತಲೆನೋವು ಎಂದರೆ ಲೆನ್ಸ್ ಇಡುವ ಕೇಸ್. ಆಗುಂಬೆ ಕಡೆಯ ಥಂಡಿಗೆ ಬಟ್ಟೆಯೇ ಒಣಗುವುದಿಲ್ಲ, ಕೇಸ್ ಎಲ್ಲಿ ಒಣಗೀತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೊಂದು ಜೋಡಿ ಬಳಸಿ ಎಸೆಯುವ ಲೆನ್ಸೇ ವಾಸಿ, ಕೇಸಿನ ಗೊಡವೆಯೇ ಇಲ್ಲ. ಮಂತ್ಲಿ ಹಾಕುವವರು ಹಳೆ ಸೊಲ್ಯೂಷನ್ ಚೆಲ್ಲಿ, ಹೊಸ ಸೊಲ್ಯೂಷನ್‌ನಲ್ಲೇ ಕೇಸ್ ತೊಳೆದು, ಟಿಶ್ಯೂನಲ್ಲಿ ಒರೆಸಿ, ಬಚ್ಚಲುಮನೆಯಿಂದ ಹೊರಗೆ ಬೋರಲು ಹಾಕಿ. ಮೂರು ತಿಂಗಳಿಗೊಮ್ಮೆ ಬದಲಿಸಿ, ಮಳೆಗಾಲದಲ್ಲಿ ಇನ್ನೂ ಬೇಗ. ಬೈಕಿನಲ್ಲಿ ಹೋಗುವಾಗ ಮಳೆ ನೀರು ಕಣ್ಣಿಗೆ ಹೊಡೆಯದಂತೆ ಹೆಲ್ಮೆಟ್ ಗಾಜು ಇಳಿಸಿರಲಿ.

ಉಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದ ಕೈಯಲ್ಲಿ ಲೆನ್ಸ್ ಮುಟ್ಟಲೇಬೇಡಿ. ಸುಣ್ಣ ಕಣ್ಣನ್ನು ಸುಡುತ್ತದೆ. ಸೋಪಿನಲ್ಲಿ ತೊಳೆದು, ಬೆರಳಿನಲ್ಲಿ ತೇವ ಉಳಿಯದಂತೆ ಒರೆಸಿಕೊಂಡ ಮೇಲೇ ಲೆನ್ಸ್. ಸುಣ್ಣ ಕಣ್ಣಿಗೆ ತಾಗಿಯೇ ಬಿಟ್ಟರೆ ಮಾತ್ರ ಮೇಲಿನ ಯಾವ ನಿಯಮವೂ ಇಲ್ಲ: ಸಿಕ್ಕ ಶುದ್ಧ ನೀರನ್ನು ಧಾರಾಳವಾಗಿ ಹಾಯಿಸುತ್ತಲೇ ಲೆನ್ಸ್ ತೆಗೆದು, ಅರ್ಧ ಗಂಟೆಯಾದರೂ ತೊಳೆದು ನೇರ ಆಸ್ಪತ್ರೆಗೆ.

ನೀರಿನ ಸಂಪರ್ಕದ ನಂತರ ಒಂದೇ ಕಣ್ಣು ಕೆಂಪಾಗಿ, ಬೆಳಕು ಚುಚ್ಚಿ, ಹೊರಗೆ ಕಾಣುವ ಲಕ್ಷಣಕ್ಕಿಂತ ನೋವೇ ಹೆಚ್ಚಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಲೆನ್ಸ್, ಕೇಸ್ ಎರಡೂ ಒಯ್ಯಿರಿ. ಅಕಾಂತಮೀಬಾ ಸೋಂಕನ್ನು ಹರ್ಪಿಸ್ ಎಂಬ ವೈರಸ್ ಸೋಂಕೆಂದು ತಪ್ಪು ತಿಳಿಯುವುದುಂಟು, ಆದ್ದರಿಂದ ಹೊಳೆಗೆ ಇಳಿದದ್ದನ್ನು ಮೊದಲೇ ಹೇಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ನೋವು ಒಂದೆರಡು ದಿನ ತಗ್ಗಿದಂತಾಗಿ, ಸೋಂಕು ಒಳಗೊಳಗೇ ಬೆಳೆಯುತ್ತದೆ.