ಮಳೆಕಾಡಲ್ಲಿ ಫ್ಯಾಮಿಲಿ ಸಿನಿಮಾ ತೆಗೀಬೇಕಾ? ಮೊದ್ಲು ಒಂದು ನೀರಿನ ಪೈಪ್ ಹುಡುಕಿ

ಗೋವಾದ ಫೋಂಡಾದಲ್ಲಿರೋ ನಾವು ನಾಲ್ಕೈದು ಜನ ಕನ್ನಡದೋರು ಸೇರ್ಕೊಂಡು ಹೋದ ಮಳೆಗಾಲದಲ್ಲಿ 18 ನಿಮಿಷದ್ದೊಂದು ಶಾರ್ಟ್ ಫಿಲ್ಮ್ ತೆಗೆದ್ವಿ. ಕಾಡಿನ ಅಂಚಲ್ಲೊಂದು ಮನೆ, ಅಮ್ಮ, ಮಾತು ಬಿಟ್ಟಿರೋ ಅಣ್ಣ ತಮ್ಮ, ಅಷ್ಟೇ ಕತೆ. ಹೆಂಗೆ ಮಾಡಿದ್ರಿ ಅಂತ ಕೇಳೋರು ಜಾಸ್ತಿ ಆಗಿದ್ದಕ್ಕೆ ಇಲ್ಲೇ ಬರ್ದು ಹಾಕ್ತಿದೀನಿ.

ಮೊದ್ಲು ಕತೆ. ಕಾಡು ಚೆಂದ ಇದೆ ಅಂತ ಸೀನ್ ಬರೀಬೇಡಿ. ನಮ್ಮ ಮೊದಲನೇ ಡ್ರಾಫ್ಟಲ್ಲಿ ಅಣ್ಣ ತಮ್ಮ ಹಳ್ಳದ ಬಂಡೆ ಮೇಲೆ ಕೂತು ಹಳೇದೆಲ್ಲ ತೆಗೆದು ಅಳ್ತಿದ್ರು, ತಮ್ಮನ ಪಾತ್ರ ಮಾಡಿದ ಹುಬ್ಬಳ್ಳಿ ಹುಡುಗ ಓದಿ "ಮಳ್ಯಾಗ ಕುಂತು ಯಾರ್ ಮಾತಾಡ್ತಾರಲೇ, ಮನ್ಯಾಗ ಹೋಗೂದಿಲ್ಲೇನು" ಅಂದ. ಕರೆಕ್ಟಾಗೇ ಅಂದ. ಆ ಮಳೆಲಿ ಮನುಷ್ಯ ಹೊರಗೆ ಬರೋದು ಕೆಲಸ ಇದ್ರೆ ಮಾತ್ರ, ಹಂಗಾಗಿ ಕೆಲಸ ಹುಡುಕಿ. ನಾನು ಶಿರಸಿ ಕಡೆಯವ್ನು, ನಮ್ಮಲ್ಲಿ ಗುಡ್ಡದ ಹಳ್ಳದಿಂದ ಮನೆಗೆ ಪೈಪಲ್ಲಿ ನೀರು ಬರತ್ತೆ, ಜೋರು ಮಳೆಗೆ ದರಕು (ಒಣಗಿ ಬಿದ್ದ ಎಲೆ) ಬಂದು ಪೈಪಿನ ಬಾಯಿ ಕಟ್ಕೊಳ್ಳತ್ತೆ, ಒಬ್ಬನ ಕೈಲಿ ಬಿಡಿಸೋಕಾಗಲ್ಲ, ಮೇಲೊಬ್ಬ ಹಿಡ್ಕೋಬೇಕು ಕೆಳಗೊಬ್ಬ ಜಾಯಿಂಟ್ ಬಿಚ್ಚಿ ಕುಟ್ಟಬೇಕು. ಮಾತಾಡದ ಅಣ್ಣ ತಮ್ಮನ್ನ ಅಲ್ಲಿಗೆ ಕಳಿಸಿದ್ವಿ. ಡೈಲಾಗ್ ಎರಡೇ, "ಹಿಡಿ", "ಬಿಡು". ಇಡೀ ಸಿನಿಮಾ ಅದೇ ಸೀನಲ್ಲಿ ನಿಂತಿದೆ. ಪೈಪ್ ಬೇಡ ಅಂದ್ರೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋದು ಇಟ್ಕೊಳ್ಳಿ. ಮಳೆ ಹೊಳವಾಗ್ಲಿ, ಅಂದ್ರೆ ಸ್ವಲ್ಪ ಬಿಡುವು ಕೊಡ್ಲಿ ಅಂತ ಇಡೀ ಮನೆ ಆಕಾಶ ನೋಡ್ತಾ ಕೂರತ್ತೆ, ಜಗಳ ಹತ್ತೋಕೆ ಅದಕ್ಕಿಂತ ಒಳ್ಳೆ ಟೈಮಿಲ್ಲ.

ಜಾಗದ ವಿಷಯ. ಗೋವಾದಲ್ಲಿ 6 ವನ್ಯಜೀವಿ ಅಭಯಾರಣ್ಯ, ಮೊಲ್ಲೆಂ ನ್ಯಾಷನಲ್ ಪಾರ್ಕ್ ಒಂದು. ಅದ್ರೊಳಗೆ ಶೂಟ್ ಮಾಡ್ಬೇಕಂದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಚೀಫ್ ವೈಲ್ಡ್‌ಲೈಫ್ ವಾರ್ಡನ್ ಪರ್ಮಿಟ್ ಬೇಕು. ಗೋವಾದ ಶೂಟಿಂಗ್ ಪರ್ಮಿಷನ್ ವಿಚಾರಿಸೋಕೆ ಪಣಜಿಯ ಎಂಟರ್‌ಟೈನ್‌ಮೆಂಟ್ ಸೊಸೈಟಿ ಆಫ್ ಗೋವಾಕ್ಕೆ ಹೋಗಿ. ದೂಧಸಾಗರದ ರೈಲು ಹಳಿ ಮೇಲೆ ನಡ್ಕೊಂಡು ಹೋಗಿ ಒಂದು ಶಾಟ್ ಹೊಡ್ಕೊಂಡು ಬರೋಣ ಅನ್ನೋರು ಪ್ರತಿ ಟೀಮಲ್ಲೂ ಒಬ್ರು ಇರ್ತಾರೆ, ಅವ್ರಿಗೆ ಲೊಕೇಶನ್ ಜವಾಬ್ದಾರಿ ಕೊಡ್ಬೇಡಿ. ನಾವು ಮಾಡಿದ್ದು ಸುಲಭದ ದಾರಿ, ಫೋಂಡಾ ಸುತ್ತಮುತ್ತ ಕುಳಾಗರ್ ಅಂತಾರಲ್ಲ, ಅಡಿಕೆ ತೆಂಗು ಕಾಳುಮೆಣಸು ಎಲ್ಲ ಇರೋ ಖಾಸಗಿ ತೋಟ, ಹಿಂದೆ ಗುಡ್ಡ, ಪಕ್ಕದಲ್ಲಿ ಹಳ್ಳ. ಮಾಲೀಕರ ಹತ್ರ ಬಾಯಿಮಾತು ಸಾಕಾಗಲ್ಲ, ಬರೆಸ್ಕೊಳ್ಳಿ. ಫ್ರೇಮಲ್ಲಿ ಅದು ಕಾಡೇ.

ಇನ್ನು ಕ್ಯಾಮೆರಾ. ನಿಜವಾದ ಮಳೆ ಕ್ಯಾಮೆರಾಗೆ ಕಾಣಲ್ಲ, ನಂಬಿ. ಮೊದಲ ದಿನ ಮೂರು ಗಂಟೆ ನೆನೆದು ತೆಗೆದ ಫುಟೇಜ್ ನೋಡಿದ್ರೆ ಬರೀ ಮಬ್ಬು ದಿನ ಇದ್ದಂಗಿತ್ತು, ಒಂದು ಹನಿ ಇಲ್ಲ. ಬೆಳಕು ಮಳೆಯ ಹಿಂದಿಂದ ಬರ್ಬೇಕು, ಹಿಂದೆ ಕಪ್ಪಗಿರೋ ಮರ ಇರ್ಬೇಕು, ಆಗ ಒಂದೊಂದು ಎಳೆನೂ ಕಾಣತ್ತೆ. ದಟ್ಟ ಮರದ ಕೆಳಗೆ ನೆಲಕ್ಕೆ ಬರೋ ಬೆಳಕು 100ರಲ್ಲಿ ಒಂದೆರಡು ಪಾಲು ಅಷ್ಟೇ, ಕಮ್ಮಿ ಬೆಳಕಲ್ಲೂ ತೆಗೆಯೋ f1.8 ಲೆನ್ಸ್ ಇಲ್ದೇ ಹೋಗ್ಬೇಡಿ, ಸಂಜೆ ನಾಲ್ಕಕ್ಕೆ ಪ್ಯಾಕಪ್. ಎಲೆಗಳ ಹಸಿರು ಮುಖಕ್ಕೆ ಹೊಡೆದು ಎಲ್ರೂ ಕಾಮಾಲೆ ಬಂದೋರ ಥರ ಕಾಣ್ತಾರೆ, ಅದಕ್ಕೆ ಬಿಳಿ ಥರ್ಮಾಕೋಲ್ ಹಿಡೀರಿ, ವೈಟ್ ಬ್ಯಾಲೆನ್ಸ್ (ಬಣ್ಣ ಸರಿ ಮಾಡೋ ಸೆಟ್ಟಿಂಗ್) ಆಟೋದಲ್ಲಿ ಬಿಡ್ಬೇಡಿ. ಎಸಿ ಕಾರಿಂದ ಇಳಿದ ತಕ್ಷಣ ಬ್ಯಾಗ್ ತೆಗೆದ್ರೆ ಲೆನ್ಸ್ ಮೇಲೆ ಹಬೆ ಕೂರತ್ತೆ, ಅರ್ಧ ಗಂಟೆ ಬ್ಯಾಗಲ್ಲೇ ಇರ್ಲಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಸೌಂಡು. ಮಳೆ ನಿಂತ್ರೆ ಜೀರುಂಡೆ, ಜೀರುಂಡೆ ನಿಂತ್ರೆ ಹಳ್ಳ. ಮಾತಿರೋ ಸೀನೆಲ್ಲ ಮನೆ ಒಳಗೇ ಬರೀರಿ. ಶೀಟಿನ ಛಾವಣಿ ಆದ್ರೆ ಮೇಲೆ ಒದ್ದೆ ಗೋಣಿಚೀಲ ಹಾಸಿ, ತಮಟೆ ಸದ್ದು ಹೋಗಿ ಮಳೆ ಸದ್ದು ಉಳಿಯತ್ತೆ. ಪ್ರತಿ ಸೀನ್ ಮುಗಿದ ಮೇಲೆ ಯಾರೂ ಅಲ್ಲಾಡದೆ ಒಂದು ನಿಮಿಷ ಖಾಲಿ ಸೌಂಡ್ ರೆಕಾರ್ಡ್ ಮಾಡಿ, ಆಮೇಲೆ ನಟರನ್ನ ಅಡುಗೆಮನೆ ಮೂಲೆಗೆ ಕರ್ಕೊಂಡ್ ಹೋಗಿ ಅದೇ ಡೈಲಾಗ್ ಇನ್ನೊಮ್ಮೆ ಹೇಳಿಸಿ. ನಾವು ಇದನ್ನ ಮಾಡ್ಲಿಲ್ಲ, ಅಮ್ಮನ ಪಾತ್ರದೋರನ್ನ ಡಬ್ಬಿಂಗಿಗೆ ಬೆಳಗಾವಿಯಿಂದ ಎರಡು ಸಲ ಕರೆಸ್ಬೇಕಾಯ್ತು, ಚೋರ್ಲಾ ಘಾಟಲ್ಲಿ ಪಾಪ ವಾಂತಿ ಬೇರೆ.

ಉಂಬಳ (ಕಾಡಿನ ಜಿಗಣೆ) ಹತ್ತೇ ಹತ್ತತ್ವೆ. ಸುಣ್ಣ ಹೊಗೆಸೊಪ್ಪು ಕಟ್ಟಿದ ಬಟ್ಟೆ ಉಂಡೆ ಕೈಲಿರ್ಲಿ, ಒರೆಸಿದ್ರೆ ಬಿಡ್ತಾವೆ. ಆದ್ರೆ ಬಿಟ್ಟ ಮೇಲೂ ರಕ್ತ ಬೇಗ ನಿಲ್ಲಲ್ಲ, ಹೆಪ್ಪುಗಟ್ಟದ ಹಾಗೆ ಏನೋ ಬಿಟ್ಟಿರತ್ತೆ ಅದು. ಪೈಪ್ ಸೀನಲ್ಲಿ ಅಣ್ಣನ ಬಿಳಿ ಪಂಚೆ ಮೇಲೆ ಕೆಂಪು ಕಲೆ, ಮುಂದಿನ ಶಾಟಲ್ಲಿ ಕಲೆ ಇಲ್ಲ, ಅದರ ಮುಂದಿನದ್ರಲ್ಲಿ ಮತ್ತೆ ಇದೆ. ಬಣ್ಣದ ಲುಂಗಿ ಉಡಿಸಿ, ಒಂದೇ ಥರದ್ದು ಮೂರು ತಗೊಳ್ಳಿ, ಆ ಮಳೆಲಿ ಒಂದೂ ಒಣಗಲ್ಲ.