ಕರಡು ತಿದ್ದುವಾಗ ಒಳದನಿಯನ್ನು ಪಳಗಿಸುವ ಬಗೆ

‘ವಿಧ್ಯಾರ್ಥಿ’, ‘ಅಧ್ಬುತ’, ‘ವಿಶೇಶ’. ಇಂಥ ತಪ್ಪುಗಳು ಕಣ್ಣೆದುರೇ ಇದ್ದರೂ ಕರಡಿನಲ್ಲಿ ದಾಟಿಹೋಗುತ್ತವೆ. ಮೌನವಾಗಿ ಓದುವಾಗಲೂ ಪದ ತಲೆಯೊಳಗೆ ನುಡಿಯುತ್ತದೆ. ಆಡುಮಾತಿನಲ್ಲಿ ದ-ಧ, ಶ-ಷ ಬೆರೆತುಹೋಗಿರುವುದರಿಂದ ಒಳಗಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ.

ಇದು ಬರೀ ಭ್ರಮೆಯಲ್ಲ. ಚಿಕಿತ್ಸೆಗಾಗಿ ಮಿದುಳಿನೊಳಗೆ ವಿದ್ಯುದ್ವಾರ ಅಳವಡಿಸಿದ್ದ ನಾಲ್ವರು ಅಪಸ್ಮಾರ ರೋಗಿಗಳನ್ನು ಫ್ರಾನ್ಸಿನ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಸದ್ದಿಲ್ಲದೆ ಓದುವಾಗಲೂ ಮನುಷ್ಯರ ದನಿಗೆ ಮಿಡಿಯುವ ಭಾಗ ಚುರುಕಾಗುತ್ತಿತ್ತು. ಗಮನವಿಟ್ಟು ಓದಿದ ಪದಗಳಿಗೆ ಹೆಚ್ಚು, ಗಮನ ಕೊಡದವಕ್ಕೆ ಕಡಿಮೆ.

ನಾನು ಕರಡನ್ನು ಎರಡು ಸುತ್ತು ಓದುತ್ತೇನೆ. ಮೊದಲನೆಯದು ಅರ್ಥಕ್ಕೆ, ಒಳದನಿಯನ್ನು ತಡೆಯದೆ. ‘ಮಕ್ಕಳು’ ಎಂದು ಶುರುವಾದ ಉದ್ದ ವಾಕ್ಯ ‘ಬಂದನು’ ಎಂದು ಮುಗಿದರೆ ಹಿಡಿದುಕೊಡುವುದು ಅದೇ. ಕನ್ನಡದಲ್ಲಿ ಕ್ರಿಯಾಪದ ಬರುವತನಕ ಕರ್ತೃವನ್ನು ನೆನಪಲ್ಲಿ ಹಿಡಿದಿಡಬೇಕಲ್ಲ. ಒಳದನಿಯನ್ನು ಕಟ್ಟಿಹಾಕಲು ‘ಲ ಲ ಲ’ ಎಂದು ಸೆಕೆಂಡಿಗೆ ಮೂರರಂತೆ ಪಿಸುಗುಟ್ಟುತ್ತಾ ಓದಿ ನೋಡಿ. ಬಿಡಿಪದಗಳ ಅರ್ಥ ಹೊಳೆಯುತ್ತದೆ, ಆದರೆ ಹಿಂದುಮುಂದಾದ ಪದಗಳು ನುಸುಳಿಹೋಗುತ್ತವೆ. ಬ್ರಿಟನ್ನಿನ ಮನೋವಿಜ್ಞಾನಿ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದ್ದೂ ಇದನ್ನೇ. ಹಾಗಾಗಿ ಈ ಸುತ್ತಿನಲ್ಲಿ ಚೂಯಿಂಗ್ ಗಮ್ ಅಗಿಯುವುದು, ಹಾಡು ಗುನುಗುವುದು ಬೇಡ.

ಎರಡನೆಯ ಸುತ್ತು ಅಕ್ಷರಕ್ಕೆ. ಮೇಲಿನ ಸಾಲುಗಳನ್ನು ಬಿಳಿ ಕಾಗದದಿಂದ ಮುಚ್ಚಿ, ಕೊನೆಯ ಸಾಲಿನಿಂದ ಮೇಲಕ್ಕೆ ಬರುತ್ತೇನೆ; ಮುಂದಿನ ಪದವನ್ನು ಊಹಿಸಲು ಆಸ್ಪದವಿರದು. ಪ್ರತಿ ಪದವನ್ನೂ ಆಡುವಂತಲ್ಲ, ಬರೆದಿರುವಂತೆ ಒಳಗೇ ಒಡೆದು ನುಡಿಯಬೇಕು. ‘ವಿಧ್-ಯಾರ್-ಥಿ’ ಎಂದಾಗ ‘ಧ್’ ತೊಡಕುತ್ತದೆ. ಅಭ್ಯಾಸಕ್ಕೆ ಅಂಗೈಯನ್ನು ತುಟಿಯ ಮುಂದೆ ಹಿಡಿದು ಗಟ್ಟಿಯಾಗಿ ಹೇಳಿ. ‘ವಿದ್ಯಾರ್ಥಿ’ಯಲ್ಲಿ ಉಸಿರು ಕೈಗೆ ತಾಗಬೇಕಾದ್ದು ‘ಥಿ’ಗೆ, ‘ಅದ್ಭುತ’ದಲ್ಲಿ ‘ಭು’ವಿಗೆ. ಈ ಉಸಿರು ತನ್ನ ಅಕ್ಷರ ಬಿಟ್ಟು ಹಿಂದಕ್ಕೆ ಜಾರಿದ್ದರಿಂದಲೇ ‘ಅಧ್ಬುತ’ದಂಥ ತಪ್ಪು ಹುಟ್ಟುವುದು.

ಒಮ್ಮೆಗೆ 20 ನಿಮಿಷ ಸಾಕು. ಆಮೇಲೆ ಒಳದನಿ ತನ್ನ ಹಳೆಯ ಜಾಡಿಗೆ ಮರಳಿ ‘ಪ್ರಸಿದ್ದ’ವನ್ನೂ ಒಪ್ಪಿಕೊಂಡುಬಿಡುತ್ತದೆ. ಐದು ನಿಮಿಷ ಎದ್ದು ಓಡಾಡಿ ಬನ್ನಿ.

ಉಚ್ಚಾರವೇ ತಪ್ಪಾಗಿ ಕೂತಿರುವ ಪದಗಳಿಗೆ ಈ ಉಪಾಯ ಫಲಿಸದು. ಹೋಟೆಲ್ ಬೋರ್ಡುಗಳ ‘ಉಪಹಾರ’ವನ್ನು ಹೇಗೆ ಒಡೆದು ನುಡಿದರೂ ತೊಡಕದು. ಕಾಣಿಕೆ ಎಂಬ ಅರ್ಥದಲ್ಲಿ ಅದೂ ಸರಿಯಾದ ಪದವೇ ಆದ್ದರಿಂದ ಕಂಪ್ಯೂಟರಿನ ಕಾಗುಣಿತ ಪರೀಕ್ಷಕವೂ ಸುಮ್ಮನಿರುತ್ತದೆ. ತಿಂಡಿಯ ಅರ್ಥಕ್ಕೆ ‘ಉಪಾಹಾರ’ ಬೇಕು. ಇಂಥವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕಡತದಲ್ಲಿ ಒಂದೊಂದಾಗಿ ಹುಡುಕಿಯೇ ತಿದ್ದುತ್ತೇನೆ.