ಕಪ್ಪು ಕಾಯಿ ಬಂದರೆ ಆಡುವುದು ಹೇಗೆ?

ಹಾಸನದಲ್ಲಿ ತಂಡಗಳ ಚೆಸ್ ಟೂರ್ನಿ ಇದ್ದರೆ ಬೇಲೂರು, ಸಕಲೇಶಪುರ, ಅರಸೀಕೆರೆಯಿಂದೆಲ್ಲ ಮಕ್ಕಳು ಬೆಳಗಿನ ಬಸ್ಸಿಗೇ ಬರುತ್ತಾರೆ. ಕಪ್ಪು ಕಾಯಿ ಬಂತು ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ‘ಡ್ರಾ ಆದ್ರೆ ಸಾಕು’ ಅನ್ನುತ್ತಾರೆ. ನಾಲ್ಕು ಬೋರ್ಡಿನ ತಂಡದಲ್ಲಿ ಇಬ್ಬರಿಗೆ ಕಪ್ಪು ಬಂದೇ ಬರುತ್ತದೆ ಅಲ್ವಾ? 2024ರ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನ ಕೊನೆಯ ಸುತ್ತಿನಲ್ಲಿ ಸ್ಲೊವೇನಿಯಾ ವಿರುದ್ಧ ಭಾರತದ ಗುಕೇಶ್, ಅರ್ಜುನ್ ಇರಿಗೇಶಿ ಇಬ್ಬರೂ ಗೆದ್ದದ್ದು ಕಪ್ಪಿನಲ್ಲೇ. ಅರ್ಜುನ್ ಆಡಿದ್ದು ಸ್ಕ್ಯಾಂಡಿನೇವಿಯನ್ ಎಂಬ ಆರಂಭ. ನಾನು ಹೇಳಿಕೊಡುವುದೂ ಅದನ್ನೇ.

ಬಿಳಿ ಕಾಲಾಳನ್ನು ಇ4ಕ್ಕೆ ಆಡಿದರೆ ನೀವು ನಿಮ್ಮದನ್ನು ಡಿ5ಕ್ಕೆ (ಅಕ್ಷರ ಬೋರ್ಡಿನ ಉದ್ದ ಸಾಲು, ಅಂಕಿ ಅಡ್ಡ ಸಾಲು; ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ). ಅವರು ಹೊಡೆದರೆ ರಾಣಿಯಿಂದ ತಿರುಗಿ ಹೊಡೆಯಿರಿ. ಕುದುರೆ ಸಿ3ಕ್ಕೆ ಬಂದರೆ ರಾಣಿ ಎ5ಕ್ಕೆ.

ಎಡವುವುದು ಇಲ್ಲಿಂದ ಮುಂದೆ. ಗಾಬರಿಯಲ್ಲಿ ಇ6 ತಳ್ಳಿಬಿಡುತ್ತಾರೆ. ಸಿ8ರ ಒಂಟೆಗೆ ದಾರಿ ಮುಚ್ಚಿತು. ಇಪ್ಪತ್ತು ನಡೆ ಕಳೆದರೂ ಅದು ಅಲ್ಲೇ ಕೂತಿರುತ್ತದೆ. ಮೊದಲು ಕುದುರೆ ಎಫ್6, ಆಮೇಲೆ ಒಂಟೆ ಎಫ್5, ಅದಾದ ಮೇಲೆಯೇ ಇ6. ಸಿ6 ಅಂತೂ ಬೇಕೇ ಬೇಕು. ಎದುರಾಳಿ ಒಂಟೆಯನ್ನು ಡಿ2ಕ್ಕೆ ತಂದರೆ ಎಚ್ಚರ. ಸಿ3ರ ಕುದುರೆ ಸರಿದರೆ ಹಿಂದಿರುವ ಒಂಟೆಯ ಕಣ್ಣು ನೇರ ನಿಮ್ಮ ರಾಣಿಯ ಮೇಲೆ. ಸಿ6ರಲ್ಲಿ ಕಾಲಾಳು ಇದ್ದರೆ ಬಿ5, ಡಿ5 ಎರಡಕ್ಕೂ ಕಾವಲು. ರಾಣಿಗೂ ಸಿ7, ಡಿ8ಕ್ಕೆ ವಾಪಸ್ ಬರಲು ದಾರಿ ಸಿಗುತ್ತದೆ.

‘ಎಂಟೇ ನಡೆಯಲ್ಲಿ ಚೆಕ್‌ಮೇಟ್’ ಎನ್ನುವ ವಿಡಿಯೊ ನೋಡಿಕೊಂಡು ಬರಬೇಡಿ. ಅಂಗೈಯಗಲದ ಮ್ಯಾಗ್ನೆಟ್ ಬೋರ್ಡ್‌ನಲ್ಲೂ ಅಭ್ಯಾಸ ಬೇಡ. ದೊಡ್ಡ ಬೋರ್ಡ್ ಹಾಸಿ, ಕಪ್ಪಿನ ಕಡೆಯೇ ಕೂರಿ. ಎ8 ನಿಮ್ಮ ಬಲಗೈ ಮೂಲೆಗೆ ಬರುತ್ತದೆ. ಇದು ರೂಢಿಯಾಗದಿದ್ದರೆ ನಡೆಗಳನ್ನು ಹಾಳೆಯಲ್ಲಿ ತಪ್ಪಾಗಿ ಬರೆಯುತ್ತೀರಿ.

ಕ್ಯಾಸ್ಲಿಂಗ್ (ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಪಕ್ಕಕ್ಕೆ ತರುವ ನಡೆ) ಮಾಡಿ, ಆನೆಗಳನ್ನು ನಡುವಿಗೆ ತನ್ನಿ.

ಆಟ ಸಮ ಆದಾಗ ಬಿಳಿಯವರು ಡ್ರಾ ಕೇಳಬಹುದು. ಸುಮ್ನೆ ಕೈ ಕುಲುಕಬೇಡಿ. ತಂಡದ ಆಟದಲ್ಲಿ ಸಾಮಾನ್ಯವಾಗಿ ‘ಡ್ರಾ ತಗೊಳ್ಳಲಾ ಸಾರ್?’ ಎಂದು ಕ್ಯಾಪ್ಟನ್‌ರನ್ನು ಕೇಳಲು ಅವಕಾಶ ಇರುತ್ತದೆ. ಉಳಿದ ಬೋರ್ಡ್‌ಗಳನ್ನು ನೋಡಿಕೊಂಡು ಅವರು ಹೂಂ ಅಥವಾ ಬೇಡ ಅನ್ನಬಹುದು. ನಿಮ್ಮ ಆಟದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಗಡಿಯಾರ ಓಡುತ್ತಿರುವುದು ನಿಮ್ಮದು, ಬೇಗ ಕೇಳಿ.

ಗೆದ್ದ ಮೇಲೆ ಹಾಳೆಯಲ್ಲಿ 0-1 ಎಂದು ಬರೆಯಿರಿ, ಬಿಳಿಯ ಅಂಕ ಮೊದಲು ಬರುತ್ತದೆ. ಖುಷಿಯಲ್ಲಿ 1-0 ಬರೆದು ಸಹಿ ಹಾಕಿದ ಹುಡುಗನನ್ನು ನೋಡಿದ್ದೇನೆ. ಆ ಅಂಕ ಸರಿಪಡಿಸಿಕೊಳ್ಳಲು ಇಡೀ ತಂಡ ಊಟ ಬಿಟ್ಟು ಆರ್ಬಿಟರ್ (ತೀರ್ಪುಗಾರ) ಮೇಜಿನ ಮುಂದೆ ನಿಂತಿತ್ತು.